ಗಪ್‌ಚುಪ್

ಶರಣಬಸಮ್ಮನವರು ಒಮ್ಮೆ “ಗಪ್!” ಎಂದರೆ ಮಲ್ಕಾಜ್‌ಗಿರಿ ಸ್ಟೇಶನ್ನಿನಲ್ಲಿ ರೈಲು ಕೂಗುವುದನ್ನು ನಿಲ್ಲಿಸುತ್ತಿತ್ತು. ನಂಬದವರು ಸ್ಟೇಶನ್ ಮಾಸ್ತರರನ್ನು ಕೇಳಬಹುದು. ಅವರೂ ಹೆದರಿ ಬಾಯಿ ಬಿಡದಿದ್ದರೆ ನಮ್ಮ ತಪ್ಪಲ್ಲ. ಇಂಥ ಮನೆಯಲ್ಲಿ ಆರು ವರ್ಷದ ಮೊಮ್ಮಗಳು ಪಿಂಕಿಗೆ ಬಾಯೇ ಇರಲಿಲ್ಲ. ಇತ್ತು, ಬೀಗ ಬಿದ್ದಿತ್ತು.

ಬೆಳಿಗ್ಗೆ ಜಡೆ ಹೆಣೆಯುತ್ತಲೇ ಅಜ್ಜಿಯ ಪಾಠ ಶುರು: “ಸಾಲ್ಯಾಗ ಗಪ್‌ಚುಪ್ ಕೂತ್ರ ಸಂಜಿಗೆ ಗಪ್‌ಚುಪ್ ಕೊಡಸ್ತೀನಿ.” ಹೈದರಾಬಾದಿನಲ್ಲಿ ಪಾನಿಪೂರಿಗೆ ಗಪ್‌ಚುಪ್ ಎಂದೇ ಹೆಸರು. ಸಂಜೆ ಬಂಡಿಯ ಮುಂದೆ ಪಿಂಕಿ ಆರು ಪೂರಿ ನುಂಗುವಾಗ ಕಣ್ಣಲ್ಲಿ ಮೂಸಿ ನದಿ ಹರಿಯುತ್ತಿತ್ತು. “ಖುಷಿಗೆ ಅಳ್ತೈತಿ ಕೂಸು,” ಎಂದು ಅಜ್ಜಿ ಓಣಿಗೆಲ್ಲ ಸಾರುತ್ತಿದ್ದರು.

ಸೊಸೆ ಕೃಪಾಳಿಗೆ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ದಿನವಿಡೀ ಫೋನಿನಲ್ಲಿ ಅಮೆರಿಕದವರೊಡನೆ ವಾದಿಸಿ ಗೆದ್ದು ಬರುವಳು; ಮನೆಯ ಹೊಸ್ತಿಲಲ್ಲಿ ಸೋಲುವಳು.

“ಅತ್ತಿ, ತಿಳೀಲಿಲ್ಲಂದ್ರ ಟೀಚರ್‌ನ ಕೇಳಬೇಕಲ್ರಿ ಕೂಸು?”

“ಮಾತು ಬೆಳ್ಳಿ, ಮೌನ ಬಂಗಾರ.”

“ಬಂಗಾರ ಕಪಾಟಿನ್ಯಾಗ ಇಡೋದ್ರಿ, ಮಕ್ಕಳ ಬಾಯಾಗಲ್ಲ.”

“ನೀ ಮಾತು ಕಲ್ತಿ, ಏನಾತು? ಅತ್ತಿಗೇ ಎದುರು ಹೇಳಾಕತ್ತಿ!”

ಗಂಡ ಗುರುಬಸವ ಪೇಪರಿನ ಹಿಂದೆ ಗಪ್. ಅವನನ್ನು ಬೆಳೆಸಿದ್ದೂ ಅದೇ ಅಮ್ಮನಲ್ಲವೆ?

ಶಾಲೆಯೂ ಕಡಿಮೆಯದಲ್ಲ. ಪಿಂಕಿಯ ಎದೆಗೆ ‘ಸೈಲೆಂಟ್ ಸ್ಟಾರ್’ ಎಂಬ ಬ್ಯಾಡ್ಜ್ ಚುಚ್ಚಿ ಕಳಿಸಿತು. ಅಜ್ಜಿ ಅದನ್ನು ಹಾಲಿನವನಿಗೂ ತೋರಿಸಿದರು.

ಒಂದು ಶುಕ್ರವಾರ ಶಾಲೆಯ ವ್ಯಾನಿಗೆ ಹೊಸ ಡ್ರೈವರ್ ಬಂದ. ಮನೆಯ ತಿರುವು ಬಂತು, ಹೋಯಿತು. ಪಿಂಕಿ ಕಿಟಕಿಯಿಂದ ಗಪ್‌ಚುಪ್ ಬಂಡಿಯನ್ನು ನೋಡಿದಳು, ಅದರ ಪಕ್ಕ ತನಗಾಗಿ ನಿಂತ ಅಜ್ಜಿಯನ್ನೂ ನೋಡಿದಳು. ಬಾಯಿ ತೆರೆಯಲಿಲ್ಲ. ಉಳಿದ ಮಕ್ಕಳು ಇಳಿದರು. ಹಿಂದಿನ ಸೀಟು ನೋಡದೆ ಡ್ರೈವರ್ ವ್ಯಾನನ್ನು ನಾಚಾರಂನ ಶೆಡ್ಡಿನಲ್ಲಿ ನಿಲ್ಲಿಸಿ, ಬೀಗ ಹಾಕಿ ಹೋದ.

ಎರಡೂವರೆ ತಾಸು! ಕೃಪಾಳ ಪಾಲಿಗೆ ಎರಡೂವರೆ ಯುಗ. ಕೊನೆಗೆ ಡ್ರೈವರನನ್ನು ಹುಡುಕಿ ಹಿಡಿದು ವ್ಯಾನಿನ ಬಾಗಿಲು ತೆಗೆಸಿದಾಗ, ಫ್ರಾಕು ಒದ್ದೆಯಾಗಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಕೂತಿತ್ತು ಮಗು.

“ಯಾಕವ್ವಾ, ಒಮ್ಮೆರೆ ಕೂಗಬಾರದಿತ್ತಾ?”

ಪಿಂಕಿ ಎದೆಯ ಬ್ಯಾಡ್ಜ್ ಮುಟ್ಟಿ ತೋರಿಸಿದಳು.

ಮನೆಗೆ ಬಂದಾಗ ಶರಣಬಸಮ್ಮನವರು ಕಣ್ಣೊರೆಸಿಕೊಂಡು ಅಂದರು: “ಬ್ಯಾರೆ ಹುಡುಗ್ರಾಗಿದ್ರ ಅತ್ತು ರಂಪ ಮಾಡ್ತಿದ್ವು. ನಮ್ಮ ಪಿಂಕಿ ನೋಡು, ಎಷ್ಟು ಶಾಣೇ!”

ಇಲ್ಲಿ ಒಂದಕ್ಷರವೂ ಬಣ್ಣ ಕಟ್ಟಿದ್ದಲ್ಲ. ಅವರು ಹಾಗೇ ಅಂದರು.

ಕೃಪಾ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲೆ ಬಡಿದಳು. “ಇದನ್ನ ಸಾಲಿಗೆ ವಾಪಸ್ ಕೊಟ್ಟು ಬರ್ತೀನ್ರಿ. ನನ್ನ ಮಗಳು ಕೇಳ್ಲಿ, ಕೂಗ್ಲಿ, ತಪ್ಪೇ ಮಾತಾಡ್ಲಿ. ಇನ್ನ ಆಕಿಗೆ ಗಪ್ ಅನ್ನೋರು ಮೊದಲು ನನಗನ್ರಿ.”

ಪೇಪರು ಮೆಲ್ಲಗೆ ಕೆಳಗಿಳಿಯಿತು. “ಕೃಪಾ ಹೇಳೋದು ಖರೆ ಐತಿ, ಅವ್ವಾ,” ಎಂದ ಗುರುಬಸವ. ಮೂವತ್ತೈದು ವರ್ಷದಲ್ಲಿ ಅದು ಅವನ ಮೊದಲ ಮಾತು.

ಮರುದಿನ ಸಂಜೆ ಅಜ್ಜಿ ರಾಜಿಯಾಗಲು ಕೈ ಚಾಚಿದರು. “ಬಾರವ್ವಾ, ಗಪ್‌ಚುಪ್ ತಿನ್ನೂಣು.”

ಪಿಂಕಿ ಅಮ್ಮನ ಸೆರಗು ಹಿಡಿದಳು. ತುಕ್ಕು ಹಿಡಿದ ಬೀಗ ತೆರೆದಂತೆ ದನಿ ಬಂತು.

“ನಂಗ ಗಪ್‌ಚುಪ್ ಸೇರಂಗಿಲ್ಲ.”

“ಯಾವಾಗಿಂದ?”

“ಮೊದಲಿಂದ. ಬಾಯಿ ಉರೀತೈತಿ.” ಜಡೆ ಹಿಡಿದುಕೊಂಡು, “ಮತ್ತ ಜಡಿ ಭಾಳ ಬಿಗಿ ಹಾಕ್ತಿ, ಅಜ್ಜಿ.”

ಶರಣಬಸಮ್ಮನವರು “ಗ...” ಎಂದು ಬಾಯಿ ತೆರೆದರು. ಸ್ಟೇಶನ್ನಿನಲ್ಲಿ ರೈಲು ಉದ್ದಕ್ಕೆ ಕೂಗಿತು.