ಹಾರ್ಕಟ್ ಸಾಹೇಬರ ಆರು ಚುಕ್ಕೆ

ಇಲ್ಲಿನ ಸ್ಯಾನ್ ಪೀಡ್ರೊ ಬಂದರಿನಲ್ಲಿ ಕೆಲಸ ಮಾಡುವ ಬಾಳಾಸಾಹೇಬರು ನಮ್ಮ ಕ್ರಿಕೆಟ್ ಕ್ಲಬ್ಬಿಗೆ ಒಂದು ಹಳೆಯ ಸ್ಕೋರ್ ಪುಸ್ತಕ ತಂದರು. ೧೮೭೮ರಲ್ಲಿ ಕೌಂಟಿ ಕ್ರಿಕೆಟ್ ಆಡಿದ ಹಾರ್ಕಟ್ ಎಂಬ ಇಂಗ್ಲಿಷ್ ಬೌಲರನ ಇಡೀ ಆಟದ ಬದುಕು ಅದರಲ್ಲಿದೆಯಂತೆ. ಇಂಥ ಕಾಣಿಕೆ ಕೊಟ್ಟವರೇ ಈ ಸಲದ ಚುನಾವಣೆಯಲ್ಲಿ ಅಧ್ಯಕ್ಷರೆಂದು ಎಲ್ಲರೂ ತಲೆದೂಗಿದರು.

ಸ್ಕೋರರ್ ನಮ್ರತಾ ಮಾತ್ರ ಪುಟಗಳನ್ನು ಮೂಸಿದಳು. ಹಳೆಯದಾಗಿ ಕಾಣಲೆಂದು ಕಾಗದಕ್ಕೆ ಬಳಿದಂಥ ಚಹಾದ ವಾಸನೆ! ಮತ್ತೆ, ಬಾಲಿಗೊಂದರಂತೆ ಇಟ್ಟಿದ್ದ ಚುಕ್ಕೆಗಳನ್ನು ಎಣಿಸಿದಳು.

“ಅಂಕಲ್, ಪ್ರತಿ ಓವರಿಗೂ ಆರು ಚುಕ್ಕೆ ಇದೆಯಲ್ಲ? ಆಗ ಇಂಗ್ಲೆಂಡಲ್ಲಿ ಓವರಿಗೆ ನಾಲ್ಕೇ ಬಾಲು.”

ಬಾಳಾಸಾಹೇಬರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. “ಹಾರ್ಕಟ್ ಸಾಹೇಬರ ಕೈ ಧಾರಾಳ ಇತ್ತವಾ. ಎರಡು ಹೆಚ್ಚಿಗಿ ಒಗೀತಿದ್ರು.”

ಆ ದನಿಯನ್ನು ನಾನು ಅಣಕಿಸುವಷ್ಟರಲ್ಲಿ ಪುಸ್ತಕ ಅವರ ಕಂಕುಳು ಸೇರಿತ್ತು. ಗೋಡೆಗೆ ಅಂಟಿಸಿದ್ದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಪಟ್ಟಿಯಲ್ಲಿದ್ದ ತಮ್ಮ ಹೆಸರನ್ನು ತಾವೇ ಹೊಡೆದುಹಾಕಿ ಕಾರಿನತ್ತ ನಡೆದರು.