ನಿಂತ ಗಾಡಿ ಕುಡಿದ ಪೆಟ್ರೋಲು

ನೋಡಿ ನಗುವುದಕ್ಕೆ ಪ್ರತಿ ಊರಿಗೂ ಒಂದು ಜೋಡಿ ಬೇಕು. ಆ ಊರಿಗೆ ಅದು ಕನ್ನಡಕದಂಗಡಿಯ ಯಜಮಾನರು ಮತ್ತು ಅವರ ಹೆಂಡತಿ. ಅರವತ್ತು ದಾಟಿದ ಮೇಲೆ ಇಬ್ಬರೂ ಸೇರಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡರು. ಎರಡೇ ಸೀಟು, ತಲೆಯ ಮೇಲೆ ಮಡಚುವ ಮಾಡು, ನೆಲಕ್ಕೆ ಅಂಟಿಕೊಂಡಂತೆ ಮೈ. ಒಳಗೆ ಕೂರಬೇಕಾದರೆ ಯಜಮಾನರು ಮೊದಲು ಒಂದು ಕಾಲು, ಆಮೇಲೆ ಸೊಂಟ, ಆಮೇಲೆ ತಲೆ ಎಂದು ಕಂತುಕಂತಾಗಿ ಇಳಿಯಬೇಕಿತ್ತು.

"ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಈಗ ಕಡಲೆ ಬಂತು" ಎಂದು ಜನ ಆಡಿಕೊಂಡಾಗ ಹೆಂಡತಿ ಕಾರಿನೊಳಗಿನಿಂದಲೇ ಬಾಯಿ ತೆರೆದು ತೋರಿಸುತ್ತಿದ್ದರು. "ಎಣಿಸ್ಕೊಳ್ಳಿ, ಮೂವತ್ತೊಂದಿದೆ."

ಆಕೆ ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಗಿತ್ತು. ಕಾರು ಉಳಿದಿತ್ತು. ಮಾತೊಂದೂ ಉಳಿದಿತ್ತು.

ಮಾತು ಕೊಟ್ಟದ್ದು ಹೆಂಡತಿ, ತನ್ನ ಅಕ್ಕನಿಗೆ. ಅಕ್ಕ ಇದ್ದದ್ದು ಇನ್ನೂರಿಪ್ಪತ್ತು ಕಿಲೋಮೀಟರ್ ದೂರದ ಬೆಟ್ಟದ ಮೇಲಿನ ಊರಿನಲ್ಲಿ, ಒಬ್ಬರೇ. ಕಾರಿನ ಮಾಡು ತೆಗೆದು, ನಿನ್ನನ್ನು ಕೂರಿಸಿಕೊಂಡು ಬೆಟ್ಟದ ದಾರಿ ಒಂದು ಸುತ್ತು ಹಾಕಿಸುತ್ತೇನೆ ಎಂದಿದ್ದರು. ಈಗ ಆ ಅಕ್ಕನ ಕಣ್ಣು ಹೋಗುತ್ತಿತ್ತು. ಕಣ್ಣಿನ ಹಿಂದಿನ ಪರದೆಯೇ ಸವೆಯುತ್ತಿದ್ದುದರಿಂದ ಯಾವ ಕನ್ನಡಕವೂ ಕೆಲಸಕ್ಕೆ ಬಾರದು. ನಲವತ್ತು ವರ್ಷ ಕಣ್ಣು ನೋಡಿದ ಯಜಮಾನರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಳಿಗಾಲದ ಹೊತ್ತಿಗೆ ಬೆಟ್ಟ ಬೇರೆ, ಗೋಡೆ ಬೇರೆ ಎಂದು ಆಕೆಗೆ ತಿಳಿಯದು. ಚಳಿಗಾಲಕ್ಕೆ ಇನ್ನು ಒಂದೂವರೆ ತಿಂಗಳು.

ಆಗ ಯಜಮಾನರು ಕಾರು ತಂದು ಪಾನಮ್ಮನ ಗ್ಯಾರೇಜಿನ ಮುಂದೆ ನಿಲ್ಲಿಸಿದರು.

ಪಾನಮ್ಮ ಎಂಬುದು ಅವಳ ಹೆಸರಲ್ಲ. ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಸದಾ ಇರುತ್ತಿದ್ದುದರಿಂದ ಹಾಗೆ ಕರೆಯುತ್ತಿದ್ದರು. ವಯಸ್ಸು ನಲವತ್ತೈದು. ಕೆಳಗೆ ಅಪ್ಪ ಬಿಟ್ಟುಹೋದ ಗ್ಯಾರೇಜು, ಮೇಲೆ ಅಪ್ಪ ಬಿಟ್ಟುಹೋದ ಎರಡು ಕೋಣೆ. ಬೆಳಿಗ್ಗೆ ಷಟರ್ ಎತ್ತಿದ ಮೇಲೆ ಮೊದಲು ಕೈಮುಗಿದು, "ನನ್ನ ಕೈಯಿಂದ ಯಾರ ಬ್ರೇಕೂ ಕೆಡದೆ ಇರ್ಲಪ್ಪಾ" ಎಂದು ದೇವರಿಗೆ ಹೇಳಿ, ಆಮೇಲೆ ಪಾನಾ ಮುಟ್ಟುತ್ತಿದ್ದಳು.

"ಏನಮ್ಮಾ, ಇದು ಕಾರೋ ಕುಡುಕನೋ?" ಎಂದರು ಯಜಮಾನರು. "ಐವತ್ತು ಕಿಲೋಮೀಟರ್ ಓಡೋಕೆ ಒಂಬತ್ತೂವರೆ ಲೀಟರ್ ಕುಡಿದಿದೆ. ನಾನು ಬೆಟ್ಟಕ್ಕೆ ಹೋಗಿ ಬರ್ಬೇಕು. ಅಲ್ಲಿನ ಸುತ್ತೂ ಸೇರಿ ನಾನೂರ ಎಪ್ಪತ್ತು. ಟ್ಯಾಂಕಿಗೆ ಹಿಡಿಯೋದು ಐವತ್ತೇ."

"ದಾರೀಲಿ ಹಾಕಿಸ್ಕೊಳ್ಳಿ ಯಜಮಾನ್ರೇ."

"ಆ ಕಡೆ ಬಂಕುಗಳಲ್ಲಿ ಸಾದಾ ಪೆಟ್ರೋಲ್ ಬಿಟ್ರೆ ಬೇರೆ ಇಲ್ಲ. ಡಬ್ಬದಲ್ಲಿ ತುಂಬ್ಕೊಂಡು ಹೋಗ್ಲಾ?"

"ಬೆನ್ನ ಹಿಂದೆ ಬೆಂಕಿ ಕಟ್ಕೊಂಡು ಬೆಟ್ಟ ಹತ್ತೀರಾ? ಇಲ್ಲಿ ಏನು ಹಾಕಿಸ್ತಿದ್ದೀರಿ, ಅದನ್ನ ಹೇಳಿ."

ಯಜಮಾನರು ಒಪ್ಪಿಕೊಂಡರು. ಹೆಂಡತಿ ಹೋದ ಮೇಲೆ ಮೊದಲ ಹತ್ತು ತಿಂಗಳು ಮನೆ ಪಕ್ಕದ ಬಂಕಿನಲ್ಲಿ ಸಾದಾ ಪೆಟ್ರೋಲ್ ಹಾಕಿಸಿದ್ದರು. ಏರಿನಲ್ಲಿ ಇಂಜಿನ್ ಕಟಕಟ ಎನ್ನತೊಡಗಿದಾಗ ಹೆದರಿ, ರೇಸಿನವರು ಹಾಕಿಸುವ ನೂರು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸತೊಡಗಿದ್ದರು. ಆದರೂ ಮೈಲೇಜ್ ಏರಿರಲಿಲ್ಲ.

ಪಾನಮ್ಮ ಪೆಟ್ರೋಲ್ ಮುಚ್ಚಳದ ಒಳಮೈ ತೋರಿಸಿದಳು. ಅಲ್ಲೊಂದು ಚೀಟಿ ಅಂಟಿಸಿತ್ತು. "ಏನು ಬರೆದಿದೆ?"

ಯಜಮಾನರು ಕನ್ನಡಕ ಮೇಲೆತ್ತಿ ಓದಿದರು. "ತೊಂಬತ್ತೈದು."

"ಈ ಗಾಡಿಗೆ ಬೇಕಾದ ಆಕ್ಟೇನ್ ಅದೇ. ಸಾದಾದ್ದು ತೊಂಬತ್ತೊಂದು. ಈ ಇಂಜಿನ್ ಒಳಗೆ ಒತ್ತಡ ಜಾಸ್ತಿ, ಅದು ತಾಳ್ಕೊಳ್ಳಲ್ಲ. ಕಿಡಿಯ ಬೆಂಕಿ ತಲುಪೋಕೆ ಮುಂಚೇನೇ ತಾನಾಗಿ ಹೊತ್ಕೊಂಡು ಬಡಿಯುತ್ತೆ. ಅದೇ ಆ ಕಟಕಟ. ಬಡಿತ ತಪ್ಪಿಸೋಕೆ ಇಂಜಿನ್ ತಾನೇ ಮೆತ್ತಗಾಗುತ್ತೆ, ಜಾಸ್ತಿ ಕುಡಿಯುತ್ತೆ. ನೂರು ಹಾಕಿದ್ರೆ ಬಡಿಯಲ್ಲ, ಸರಿ. ಆದ್ರೆ ಲಾಭಾನೂ ಇಲ್ಲ. ನಿಮ್ಮ ಅಂಗಡಿಗೆ ಬಂದು ಯಾರಾದ್ರೂ, ನಂಗೆ ಎಲ್ಲಕ್ಕಿಂತ ದೊಡ್ಡ ಪವರ್ ಕೊಡಿ, ಚೆನ್ನಾಗಿ ಕಾಣ್ಲಿ ಅಂದ್ರೆ ಏನಂತೀರಿ?"

"ತಲೆ ಸರಿಯಿದ್ಯಾ ಅಂತೀನಿ."

"ನಾನು ಅನ್ನಲ್ಲ. ನೀವು ದೊಡ್ಡವರು."

ಎಷ್ಟೋ ತಿಂಗಳ ಮೇಲೆ ಯಜಮಾನರ ಮುಖದ ಮೇಲೆ ನಗು ಹಾದುಹೋಯಿತು. ಬಂದ ದಾರಿ ಮರೆತ ನೆಂಟನಂತೆ ಒಂದು ಗಳಿಗೆ ನಿಂತು ಹೊರಟುಹೋಯಿತು.

ಎರಡು ದಿನ ಪಾನಮ್ಮ ಕಾರಿನ ಕೆಳಗೇ ಇದ್ದಳು. ಟೈರುಗಳಲ್ಲಿ ಗಾಳಿ ಅರ್ಧಕ್ಕೆ ಇಳಿದಿತ್ತು, ತುಂಬಿಸಿದಳು. ಏರ್ ಫಿಲ್ಟರ್ ಧೂಳು ಹಿಡಿದು ಕಂಬಳಿಯಾಗಿತ್ತು, ಬದಲಾಯಿಸಿದಳು. ಹಿಂದಿನ ಎಡಗಾಲಿಯ ಬ್ರೇಕು ಹಿಡಿದುಕೊಂಡಿತ್ತು, ಬಿಡಿಸಿದಳು. ಡಿಕ್ಕಿ ತೆಗೆದರೆ ಒಂದು ಸಂಸಾರವೇ ಇತ್ತು. ಎರಡು ಮಡಚುವ ಕುರ್ಚಿ, ಕಬ್ಬಿಣದ ಒಲೆ, ಮೂರು ಕೊಡೆ, ನೀರಿನ ದೊಡ್ಡ ಜಾಡಿ, ಹೆಂಗಸರ ಒಂದು ಜೊತೆ ಬೂಟು.

"ಭಾರ ಇಳಿಸ್ಬೇಕು ಯಜಮಾನ್ರೇ. ಗಾಡಿ ಹೊತ್ತಿದ್ದಷ್ಟೂ ಕುಡಿಯುತ್ತೆ."

ಒಂದೊಂದಾಗಿ ಇಳಿಸಿದರು. ಬೂಟು ಮಾತ್ರ ಕೈಯಲ್ಲಿ ಹಿಡಿದು ನಿಂತರು. "ಇದು ಎಷ್ಟು ಭಾರ ಇರಬಹುದಮ್ಮಾ?"

"ಅದು ಇರ್ಲಿ ಬಿಡಿ," ಎಂದಳು ಪಾನಮ್ಮ, ಬೇರೆ ಕಡೆ ನೋಡುತ್ತ.

ಟ್ಯಾಂಕು ಖಾಲಿ ಮಾಡಿ, ರೈಲು ಸೇತುವೆ ಪಕ್ಕದ ಬಂಕಿನಲ್ಲಿ ತೊಂಬತ್ತೈದು ಆಕ್ಟೇನಿನದನ್ನು ಬಾಯಿಮಟ್ಟ ತುಂಬಿಸಿ ಇಬ್ಬರೂ ಹೆದ್ದಾರಿಗೆ ಹೋದರು. ಯಜಮಾನರು ಓಡಿಸಿದರು, ಪಾನಮ್ಮ ಪಕ್ಕದಲ್ಲಿ ಕೂತಳು.

"ಕಾಲು ಮೆತ್ತಗೆ. ಪೆಡಲ್ ಕೆಳಗೆ ಕೋಳಿಮೊಟ್ಟೆ ಇದೆ ಅಂದ್ಕೊಳ್ಳಿ. ಮುಂದೆ ಲಾರಿ ನಿಂತಿದ್ದು ದೂರದಿಂದ್ಲೇ ಕಂಡ್ರೆ ಈಗ್ಲೇ ಕಾಲು ತೆಗೀರಿ, ಹತ್ರ ಹೋಗಿ ಬ್ರೇಕ್ ಯಾಕೆ ಹಾಕ್ತೀರಿ?"

"ಸ್ಪೋರ್ಟ್ಸ್ ಕಾರಮ್ಮಾ ಇದು, ಎತ್ತಿನ ಗಾಡಿ ಅಲ್ಲ."

"ಈ ಹೊತ್ತು ಎತ್ತಿನ ಗಾಡಿ. ಬೆಟ್ಟ ಮುಟ್ಟಿದ ಮೇಲೆ ಸ್ಪೋರ್ಟ್ಸ್ ಕಾರು."

ನಲವತ್ತಾರು ಕಿಲೋಮೀಟರ್ ಓಡಿಸಿ ಬಂದು ಮತ್ತೆ ಬಾಯಿಮಟ್ಟ ತುಂಬಿಸಿದರೆ ಹಿಡಿದದ್ದು ನಾಲ್ಕೇ ಲೀಟರ್. ಲೀಟರಿಗೆ ಹನ್ನೊಂದೂವರೆ. ಬೆಟ್ಟಕ್ಕೆ ಹೋಗಿ ಬಂದರೂ ತಳದಲ್ಲಿ ಒಂದಿಷ್ಟು ಮಿಗುತ್ತದೆ. "ಒಂದು ವಾರ ಊರೊಳಗೆ ಓಡಿಸಿ ನೋಡಿ, ಆಮೇಲೆ ಹೊರಡಿ" ಎಂದು ಪಾನಮ್ಮ ಕೀಲಿಕೈ ಕೊಟ್ಟಳು.

ವಾರ ಕಳೆಯಿತು. ಯಜಮಾನರು ಬಂದರು. ಮುಖ ಬಾಡಿತ್ತು. ಐವತ್ತು ಕಿಲೋಮೀಟರಿಗೆ ಎಂಟು ಲೀಟರ್.

ಪಾನಮ್ಮನಿಗೆ ನಂಬಿಕೆ ಬರಲಿಲ್ಲ. ಇಂಜಿನ್ ನೋಡಿದಳು, ಗಾಳಿ ನೋಡಿದಳು, ಎಲ್ಲ ಇಟ್ಟ ಹಾಗೇ ಇತ್ತು. ಗಾಡಿ ಸುಳ್ಳು ಹೇಳೋದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಹಾಗಾದರೆ ಎಲ್ಲೋ ಸೋರುತ್ತಿರಬೇಕು, ಇಲ್ಲವೇ ಯಾರೋ ಹೀರುತ್ತಿರಬೇಕು. ನಿಂತ ಕಡೆ ನೆಲದ ಮೇಲೆ ಕಲೆ ಇದೆಯೋ ನೋಡೋಣ ಎಂದು ಮರುದಿನ ಬೆಳಿಗ್ಗೆ ಏಳಕ್ಕೆ ಯಜಮಾನರ ಮನೆಯ ಬೀದಿಗೆ ನಡೆದುಕೊಂಡೇ ಹೋದಳು.

ತಿರುವಿನಲ್ಲೇ ಇಂಜಿನ್ ಸದ್ದು ಕೇಳಿಸಿತು. ಕಾರು ಗೇಟಿನ ಮುಂದೆ ನಿಂತಿತ್ತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂತಿದ್ದರು. ಪಕ್ಕದ ಸೀಟಿನ ಬಾಗಿಲು ಒಂದು ಗೇಣು ತೆರೆದಿತ್ತು. ಅವರ ಕಣ್ಣು ಮನೆಯ ಬಾಗಿಲ ಮೇಲಿತ್ತು. ಬಾಗಿಲು ಹಾರುಹೊಡೆದಿತ್ತು. ಒಳಗೆ ಯಾರೂ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಪಾನಮ್ಮ ಹೆಜ್ಜೆ ಎತ್ತಲಿಲ್ಲ. ಪ್ರಾರ್ಥನೆಗೆ ಕೂತವರ ಮುಂದೆ ಹಾಯಬಾರದು ಎಂದು ಚಿಕ್ಕಂದಿನಲ್ಲಿ ಕಲಿಸಿದ್ದರು. ಹಾಲಿನವನು ಬಂದುಹೋದ. ಬೀದಿಯ ಬೆಕ್ಕು ಕಾರಿನ ಬಿಸಿ ಮೂತಿಯ ಕೆಳಗೆ ನುಸುಳಿ ಕೂತಿತು, ದಿನವೂ ಅಲ್ಲೇ ಕೂತು ರೂಢಿಯಾದ ಹಾಗೆ. ಇಪ್ಪತ್ತೈದು ನಿಮಿಷವಾದ ಮೇಲೆ ಯಜಮಾನರು ಕೈಚಾಚಿ ಪಕ್ಕದ ಬಾಗಿಲು ಎಳೆದುಕೊಂಡರು, ಇಂಜಿನ್ ಆರಿಸಿದರು, ಕಂತುಕಂತಾಗಿ ಮೇಲೆದ್ದು ಮನೆಯೊಳಗೆ ಹೋದರು. ಕಾರು ಒಂದಡಿಯೂ ಮುಂದೆ ಹೋಗಿರಲಿಲ್ಲ.

ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಪಾನಮ್ಮ ಬಂದ ದಾರಿಯಲ್ಲೇ ಹಿಂತಿರುಗಿದಳು.

ಮೂರು ದಿನ ಅವಳಿಗೆ ಕೆಲಸ ಕೈಗೆ ಹತ್ತಲಿಲ್ಲ. ಹೇಳಿದರೆ ಮುದುಕರ ಮಾನ ತೆಗೆದಂತೆ. ಹೇಳದಿದ್ದರೆ ಗಾಡಿಯ ಮೇಲೆ ಸುಳ್ಳು ಹೊರಿಸಿದಂತೆ. ದೇವರೇ, ನೀನೇ ಬಾಯಿಗೆ ಮಾತು ಕೊಡು, ಇಲ್ಲ ಬಾಯಿ ಮುಚ್ಚಿಸು ಎಂದುಕೊಂಡಳು. ನಾಲ್ಕನೆಯ ದಿನ ಯಜಮಾನರೇ ಬಂದರು, ಕೈಯಲ್ಲಿ ಒಂದು ಲಕೋಟೆ.

"ಬೆಟ್ಟದ ಅತ್ತಿಗೆಗೆ ಕಾಗದ ಬರೆದಿದ್ದೀನಮ್ಮ. ಗಾಡಿಗೆ ಶಕ್ತಿ ಇಲ್ಲ, ಅಲ್ಲೀವರೆಗೂ ಬರೋ ಹಾಗಿಲ್ಲ ಅಂತ. ಓದಿ ಹೇಳೋಕೆ ಪಕ್ಕದ ಮನೆಯವರಿದ್ದಾರೆ. ಅಂಚೆಗೆ ಹಾಕೋ ಮುಂಚೆ ನಿನಗೊಂದು ಮಾತು ಹೇಳಿ ಹೋಗೋಣ ಅಂತ ಬಂದೆ."

ಪಾನಮ್ಮ ಕೈ ಒರೆಸಿಕೊಂಡಳು. "ಗಾಡಿಗೆ ಶಕ್ತಿ ಇದೆ ಯಜಮಾನ್ರೇ. ನಾನು ಆವತ್ತು ಬೆಳಿಗ್ಗೆ ನಿಮ್ಮ ಬೀದಿಗೆ ಬಂದಿದ್ದೆ."

ಯಜಮಾನರು ಲಕೋಟೆ ಕೆಳಗಿಳಿಸಿದರು.

"ನಿಂತ ಗಾಡೀನೂ ಗಂಟೆಗೆ ಒಂದೂಕಾಲು ಲೀಟರ್ ಕುಡಿಯುತ್ತೆ. ದಿನಾ ಇಪ್ಪತ್ತೈದು ನಿಮಿಷ ಅಂದ್ರೆ ವಾರಕ್ಕೆ ಮೂರೂವರೆ. ಅದನ್ನ ಕಳೆದ್ರೆ ಲೆಕ್ಕ ಹನ್ನೊಂದಕ್ಕೇ ಬರುತ್ತೆ. ಬೆಟ್ಟಕ್ಕೆ ಸಾಕು."

ಯಜಮಾನರು ಟೈರಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಓಡಿಸ್ಲಿಲ್ವಲ್ಲಮ್ಮಾ... ಮೀಟರ್ ಮುಂದೆ ಹೋಗ್ಲಿಲ್ಲ. ಅದಕ್ಕೇ ಅದೂ ಲೆಕ್ಕಕ್ಕೆ ಬರುತ್ತೆ ಅಂತ ಹೊಳೀಲೇ ಇಲ್ಲ." ಮತ್ತೆ, "ಅವಳು ಯಾವತ್ತೂ ಹೊತ್ತಿಗೆ ಸರಿಯಾಗಿ ಹೊರಟವಳಲ್ಲ. ನಾನು ಗಾಡಿ ಚಾಲೂ ಮಾಡ್ಬೇಕು, ಅವಳು ಒಳಗಿಂದ 'ಬಂದೆ, ಒಂದೇ ನಿಮಿಷ' ಅನ್ನಬೇಕು. ಒಲೆ ನೋಡ್ತಾಳೆ, ನಲ್ಲಿ ನೋಡ್ತಾಳೆ, ಹಿಂದಿನ ಬಾಗಿಲು ನೋಡ್ತಾಳೆ, ಮತ್ತೆ ಒಲೆ ನೋಡ್ತಾಳೆ. ಆಫ್ ಮಾಡಿದ್ರೆ ಬೈಗುಳ. 'ಸದ್ದು ನಿಂತ್ರೆ ನೀವು ಮನಸ್ಸು ಬದಲಾಯಿಸಿದ್ರಿ ಅನ್ಸುತ್ತೆ' ಅಂತಿದ್ಲು. ಇಂಜಿನ್ ಸದ್ದು ಇರೋವರೆಗೂ... ಅವಳಿನ್ನೂ ಒಳಗೆ ಒಲೆ ನೋಡ್ತಿದ್ದಾಳೆ ಅಷ್ಟೇ."

"ನಾಚಿಕೆ ಪಡಬೇಡಿ," ಎಂದಳು ಪಾನಮ್ಮ. "ನಾನೂ ಬೆಳಿಗ್ಗೆ ಕೆಳಗೆ ಇಳಿಯೋವಾಗ ಅಪ್ಪನ ರೇಡಿಯೋ ಹಾಕಿಟ್ಟೇ ಬರೋದು. ಮೇಲೆ ಯಾರೋ ಇದ್ದ ಹಾಗಿರುತ್ತೆ. ಈಗ್ಲೂ ಹಾಡ್ತಿದೆ, ಕೇಳಿ."

ಇಬ್ಬರೂ ತಲೆ ಎತ್ತಿ ಕೇಳಿದರು. ಖಾಲಿ ಕೋಣೆಗಳಲ್ಲಿ ಯಾರೋ ಹವಾಮಾನ ವರದಿ ಓದುತ್ತಿದ್ದರು.

ಯಜಮಾನರು ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಹೋದರು.

ಆ ಶನಿವಾರ ಬೆಳಿಗ್ಗೆ ಟೈರುಗಳು ತಣ್ಣಗಿರುವಾಗಲೇ ಗಾಳಿ ನೋಡಲು ಪಾನಮ್ಮ ಅವರ ಮನೆಗೆ ಹೋದಳು. ಕಾರು ಗೇಟಿನ ಮುಂದಿತ್ತು. ಸದ್ದಿರಲಿಲ್ಲ. ಯಜಮಾನರು ಮನೆಯೊಳಗಿದ್ದರು. ಕಿಟಕಿಯಿಂದ ಕಾಣುತ್ತಿತ್ತು: ಒಲೆ ನೋಡಿದರು, ನಲ್ಲಿ ನೋಡಿದರು, ಹಿಂದಿನ ಬಾಗಿಲಿನ ಅಗುಳಿ ಎಳೆದು ನೋಡಿದರು. ಹೊರಗೆ ಬರುವವರು ತಿರುಗಿ ಹೋಗಿ ಮತ್ತೊಮ್ಮೆ ಒಲೆ ನೋಡಿದರು. ಬೀಗ ಹಾಕಿದರು. ಕಾರಿಗೆ ಇಳಿದು ಕೂತು, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಇಂಜಿನ್ ಹಚ್ಚಿದ ಗಳಿಗೆಯಲ್ಲೇ ಹೊರಟುಬಿಟ್ಟರು. ಬೆಕ್ಕು ಬಂದು ಖಾಲಿ ಜಾಗ ಮೂಸಿ ನೋಡಿತು.

ಸೋಮವಾರ ಮಧ್ಯಾಹ್ನ ಕೆಂಪು ಕಾರು ಗ್ಯಾರೇಜಿನ ಮುಂದೆ ನಿಂತಿತು. ಪಾನಮ್ಮ ಮೊದಲು ನೋಡಿದ್ದು ಪೆಟ್ರೋಲ್ ಮುಳ್ಳನ್ನು. ಅದು ಕೆಂಪು ಗೆರೆಗಿಂತ ಕೂದಲೆಳೆಯಷ್ಟು ಮೇಲಿತ್ತು.

"ಕಂಡಿತಾ ಅವರಿಗೆ?"

"ನೇರ ನೋಡಿದ್ರೆ ಏನೂ ಕಾಣಲ್ಲಮ್ಮ. ನಡುವೆ ಕಪ್ಪು. ಪಕ್ಕಕ್ಕೆ ಮುಖ ತಿರುಗಿಸಿದ್ರೆ ಅಂಚಿನಲ್ಲಿ ಕಾಣುತ್ತೆ. ಬೆಟ್ಟದ ಸುತ್ತು ಪೂರ್ತಿ ನನ್ನ ಕಡೆ ಮುಖ ಮಾಡ್ಕೊಂಡು ಕೂತಿದ್ರು, ಎದುರಿನ ಕಣಿವೆ ನೋಡೋಕೆ. 'ನಿಮ್ಮನ್ನ ನೋಡ್ತಿದ್ದೀನಿ ಅಂದ್ಕೋಬೇಡಿ, ನಿಮ್ಮ ಮುಖದಲ್ಲಿ ನೋಡೋಕೆ ಏನಿದೆ' ಅಂದ್ರು." ಯಜಮಾನರು ನಕ್ಕರು. ಆಮೇಲೆ ಸೀಟಿನ ಅಂಚನ್ನು ಸವರುತ್ತ ಹೇಳಿದರು. "ಆ ಸುತ್ತಿಗೆ ಹೊರಡೋ ಮುಂಚೆ ಒಂದು ಆಯ್ತಮ್ಮ. ನಾನು ಗಾಡಿ ಚಾಲೂ ಮಾಡಿ ಅವರ ಬಾಗಿಲಲ್ಲಿ ಕೂತೆ. ಒಳಗಿಂದ ಅತ್ತಿಗೆ ಕೂಗಿದ್ರು, 'ಬಂದೆ, ಒಂದೇ ನಿಮಿಷ.' ಅದೇ ದನಿ. ಅದೇ ಎಳೆತ. ಅಕ್ಕತಂಗಿ ಅಲ್ವ, ನಾನು ಯಾಕೋ ಯೋಚ್ನೇನೇ ಮಾಡಿರ್ಲಿಲ್ಲ."

ಪಾನಮ್ಮ ಪಾನಾ ಕೆಳಗಿಟ್ಟಳು.

"ಗೋಡೆ ಹಿಡ್ಕೊಂಡು ಒಲೆ ಮುಟ್ಟಿ ನೋಡ್ತಿದ್ರು, ನಲ್ಲಿ ಮುಟ್ಟಿ ನೋಡ್ತಿದ್ರು. ನೀನು ಹೇಳಿದ್ದು ನೆನಪಿತ್ತು, ಕೀಲಿ ಮೇಲೆ ಕೈಯೂ ಇತ್ತು. ಆದ್ರೆ ಆಫ್ ಮಾಡ್ಲಿಲ್ಲ. ಹದಿಮೂರು ನಿಮಿಷ." ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಬಂದ್ರು ಕಣಮ್ಮ. ಬಾಗಿಲು ತೆಗೆದು ಬಂದು ಕೂತ್ರು."

ಮೇಲಿನ ಕೋಣೆಯಲ್ಲಿ ರೇಡಿಯೋ ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು.

"ಆ ಹದಿಮೂರು ನಿಮಿಷದ್ದು ಮೈಲೇಜ್ ಲೆಕ್ಕದಿಂದ ಕಳೀಬೇಕು, ಅಲ್ವಾ?" ಎಂದರು ಯಜಮಾನರು.

"ಬೇಡ ಯಜಮಾನ್ರೇ," ಎಂದಳು ಪಾನಮ್ಮ. "ಅದು ಓಡಿದ ಲೆಕ್ಕಕ್ಕೇ ಬರುತ್ತೆ."