ಹವಾಲ್ದಾರರ ಎಡಗಿವಿ ಮತ್ತು ನಾನು

ನಾನೊಂದು ಶ್ರುತಿಕವೆ, ಇಂಗ್ಲಿಷಿನಲ್ಲಿ ಟ್ಯೂನಿಂಗ್ ಫೋರ್ಕ್. ಎರಡು ಕಾಲು ಮೇಲಕ್ಕೆತ್ತಿ ತಲೆಯ ಮೇಲೆ ನಿಂತವನ ಹಾಗೆ ಕಾಣುತ್ತೇನೆ. ವಿಜ್ಞಾನದ ಪೀರಿಯಡ್ಡಿನಲ್ಲಿ ನಮ್ಮ ಮನೆತನದವರನ್ನು ನೀವು ನೋಡಿರಬಹುದು, ಮೇಷ್ಟರು ಅತ್ತ ತಿರುಗಿದಾಗ ಬೆಂಚಿಗೆ ಬಡಿದೂ ಇರಬಹುದು. ಅದರ ಬಗ್ಗೆ ನನಗೆ ಸಿಟ್ಟಿದೆ, ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿದ್ದು ಉತ್ತರದ ಅಂಬಾಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ. ಒಬ್ಬ ಮುದುಕ ನನ್ನನ್ನು ಅರದಿಂದ ಉಜ್ಜುವುದು, ಮೊಣಕಾಲಿಗೆ ಮೆಲ್ಲಗೆ ಬಡಿಯುವುದು, ಕಿವಿಗೆ ಹಿಡಿಯುವುದು, ಮುಖ ಸಿಂಡರಿಸಿ ಮತ್ತೆ ಉಜ್ಜುವುದು. ಕೊನೆಗೊಂದು ಸಲ ಅವನು ಹಿಡಿದವನು ಹಾಗೇ ಕೂತುಬಿಟ್ಟ. ಅಲ್ಲಿಗೆ ನನ್ನ ಸ್ವರ ಕೂತಿತು. ನನಗೆ ಬರುವುದು ಅದೊಂದೇ. ಮನುಷ್ಯರನ್ನು ನಾನು ಅಳೆಯುವುದು ಅವರು ನನ್ನನ್ನು ಎಲ್ಲಿಗೆ ಬಡಿಯುತ್ತಾರೆ ಎಂಬುದರ ಮೇಲೆ. ಮೊಣಕಾಲಿಗೋ ಮೊಣಕೈಗೋ ಬಡಿಯುವವರು ಬಲ್ಲವರು. ಮೇಜಿನ ಅಂಚಿಗೆ ಬಡಿದರೆ ನನ್ನ ಸ್ವರದ ಜೊತೆ ಒಂದು ಕರ್ಕಶ ಕೀರಲು ಬರುತ್ತದೆ, ಮರ್ಯಾದೆ ಹೋಗುತ್ತದೆ.

ಮೊದಲ ನೌಕರಿಯಲ್ಲೇ ಮರ್ಯಾದೆ ಹೋಯಿತು. ಅದೊಂದು ಸೇನೆಯ ಆಸ್ಪತ್ರೆ. ಬಿಡುಗಡೆಯಾಗಿ ಊರಿಗೆ ಹೊರಟ ಜವಾನರ ಮೈ ಪರೀಕ್ಷೆ ಅಲ್ಲಿ ನಡೆಯುತ್ತಿತ್ತು. ಡಾಕ್ಟರಿಗೆ ಸದಾ ಅವಸರ. ಟಕ್ ಎಂದು ಮೇಜಿಗೆ ಬಡಿದು, ಕಿವಿಗೆ ಹಿಡಿದು, ಕೇಳಿಸುತ್ತಾ ಎಂದು ಕೇಳಿ, ಉತ್ತರ ಬರುವ ಮೊದಲೇ ಬರೆದುಬಿಡುತ್ತಿದ್ದರು.

ಅಲ್ಲೇ ನಾನು ಅಡಿವೆಪ್ಪನವರನ್ನು ನೋಡಿದ್ದು. ಬೆಳಗಾವಿ ಕಡೆಯವರು, ತೋಪುಖಾನೆಯ ಹವಾಲ್ದಾರರು. ನಲವತ್ತು ದಾಟಿದ್ದಷ್ಟೆ. ಎಡಗಿವಿಯ ಹಾಲೆ ಒಂದು ಕಡೆ ಹರಿದು ಕೂಡಿಕೊಂಡಿತ್ತು. ನನ್ನನ್ನು ಆ ಕಿವಿಗೆ ಹಿಡಿದರು. ಕೇಳಿಸುವ ಕಿವಿಯ ಯಜಮಾನನ ಕಣ್ಣು ಒಂದು ಕ್ಷಣ ಎಲ್ಲೋ ಹೋಗುತ್ತದೆ, ಅದು ನನಗೆ ಗೊತ್ತು. ಇವರ ಕಣ್ಣು ಮಾತ್ರ ಡಾಕ್ಟರ ತುಟಿಯ ಮೇಲೆ ನೆಟ್ಟಿತ್ತು.

"ಸುನಾಯಿ ದೇತಾ ಹೈ?"

"ಜೀ ಸಾಬ್!" ಎಂದರು ಎದೆಯುಬ್ಬಿಸಿ.

ಸುಳ್ಳು. ನನ್ನ ದನಿ ಆ ಕಿವಿಯ ಬಾಗಿಲಲ್ಲೇ ನಿಂತು ವಾಪಸಾಗಿತ್ತು. ಕಾಗದದ ಮೇಲೆ ಮಾತ್ರ 'ಶ್ರವಣ ಸರಿಯಾಗಿದೆ' ಎಂದಾಯಿತು.

ಮುಂದೆ ಹೊಸ ಯಂತ್ರ ಬಂತು, ನನ್ನನ್ನು ಮುರುಕು ಟ್ರೇಗಳ ಜೊತೆ ಹರಾಜಿಗೆ ಹಾಕಿದರು. ಗುಜರಿಯಲ್ಲಿ ಧೂಳು ತಿನ್ನುತ್ತಿದ್ದಾಗ ಡಾಕ್ಟರಿಕೆ ಓದುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಎತ್ತಿ, ಬೇರೇನೂ ನೋಡದೆ ಮೊಣಕಾಲಿಗೆ ಬಡಿದಳು. ನನ್ನ ಜೀವ ತಣ್ಣಗಾಯಿತು. ಅವಳೇ ಇಂದಿನ ಡಾಕ್ಟರ್ ಶಮೀಮ್ ನದಾಫ್, ಬೆಳಗಾವಿಯ ಒಂದು ಧರ್ಮಾಸ್ಪತ್ರೆಯ ಕಿವಿ ವೈದ್ಯೆ. ಅವರ ಕೋಟಿನ ಜೇಬಿನಲ್ಲಿ ನನ್ನ ಸುಖದ ವರ್ಷಗಳು ಕಳೆದವು.

ಒಂದು ಬೆಳಿಗ್ಗೆ ಅವರ ಕೋಣೆಯಲ್ಲಿ ಮೇಜಿನ ಆಚೆ ಸೇನೆಯ ಕಡೆಯ ಕರ್ನಲ್ ವೈದ್ಯರೊಬ್ಬರು ಬಂದು ಕೂತರು. ಎದುರಿಗೆ ಪದಕ ತೂಗುಹಾಕಿದ ಕೋಟು ತೊಟ್ಟ ಒಬ್ಬರು, ಪಕ್ಕದಲ್ಲಿ ಅವರ ಹೆಂಡತಿ. ಹರಿದು ಕೂಡಿದ ಆ ಕಿವಿಹಾಲೆ ಕಂಡ ಕೂಡಲೇ ನನಗೆ ಗುರುತು ಹತ್ತಿತು. ಅಡಿವೆಪ್ಪನವರ ತಲೆ ಪೂರ್ತಿ ಬೆಳ್ಳಗಾಗಿತ್ತು.

ಕರ್ನಲ್ ಕಡತ ಓದಿದರು. ಕಿವುಡು ತೋಪಿನ ಸದ್ದಿನಿಂದ ಬಂದದ್ದು, ಅಂಗವಿಕಲ ಪಿಂಚಣಿ ಕೊಡಿ ಎಂದು ಇವರ ಅರ್ಜಿ. ಬಿಡುಗಡೆಯ ದಿನ ಕಿವಿ ಸರಿಯಿತ್ತಲ್ಲ, ಇದು ವಯಸ್ಸಿನ ಕಿವುಡು ಎಂದು ಉತ್ತರ. ಮೇಲ್ಮನವಿ ಹಾಕಿದರೆ ಯಂತ್ರದ ಪರೀಕ್ಷೆ ಮಾಡಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಇವರು ಸದ್ದೇ ಇಲ್ಲದಾಗಲೂ ಒತ್ತಿದ್ದರು. ನಂಬುವಂತಿಲ್ಲ ಎಂದು ಅದೂ ವಜಾ. ಕೊನೆಯದಾಗಿ ನ್ಯಾಯಮಂಡಳಿ, ಈ ಇಬ್ಬರು ವೈದ್ಯರು ಕೂಡಿ ನೋಡಿ ಹೇಳಲಿ ಎಂದಿತ್ತು. ಇದು ತಪ್ಪಿದರೆ ಮುಂದೆ ಬಾಗಿಲಿಲ್ಲ.

"ನಲವತ್ತರಾಗ ಎಂಥಾ ಮುಪ್ಪರಿ?" ಎಂದರು ಅಡಿವೆಪ್ಪ, ಯಾರೂ ಕೇಳದಿದ್ದರೂ, ಕಿವುಡರ ಎತ್ತರದ ದನಿಯಲ್ಲಿ. "ಕಿವ್ಯಾಗ ಹಗಲೂ ರಾತ್ರಿ ಗಾಣ ತಿರಗತೈತಿ. ಇದು ಮುಪ್ಪಂದ್ರ, ನಾ ಹೊಡದ ತೋಪು ಸುಳ್ಳನ?"

ಕರ್ನಲ್ ಅಡಿವೆಪ್ಪನವರ ಮುಖ ನೋಡಿ ಮೆಲ್ಲಗೆ ಕೇಳಿದರು, "ಈಗ ನಾನು ಹೇಳೋದು ಕೇಳಿಸ್ತಿದೆಯಾ?"

"ಜೀ ಸಾಬ್!"

ಕರ್ನಲ್ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದರು. ಹೆಂಡತಿ ಕಲ್ಲವ್ವ ಹಣೆ ಚಚ್ಚಿಕೊಂಡಳು.

"ಮನ್ಯಾಗ ಕುಕ್ಕರ್ ಸೀಟಿ ಹೊಡದ್ರ ಇವ್ರಿಗೆ ಗೊತ್ತಾಗಂಗಿಲ್ಲರಿ. ಹಿಂದ ಬಸ್ಸು ಬಂದ್ರ ನಾನ ಜಗ್ಗಬೇಕು. ಆದ್ರ ಡಾಕ್ಟ್ರು ಕೇಳಿದ್ರ ಮಾತ್ರ ಎಲ್ಲಾ ಕೇಳಸ್ತೈತಿ ಅಂತಾರ."

"ಯಾಕ ಹಂಗ?" ಎಂದರು ಶಮೀಮ್.

"ಕಾಗದದಾಗ ಪರೀಕ್ಷಾ ಅಂತ ಬರದಿರ್ತಾರಲ್ಲರಿ. ಪರೀಕ್ಷಾ ಅಂದ್ರ ಪಾಸಾಗಬೇಕು ಅಂತಾರ ಇವ್ರು. ಭರ್ತಿಯಾದಾಗಿಂದ ಯಾವ ಪರೀಕ್ಷಾದಾಗೂ ನಾಪಾಸ್ ಆದವ್ರಲ್ಲ. ಸಾಹೇಬ್ರ ಮುಂದ 'ಇಲ್ಲ' ಅನ್ನೂದು ಇವ್ರ ಬಾಯಾಗ ಬರಂಗೇ ಇಲ್ಲರಿ."

ಶಮೀಮ್ ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. ಆಮೇಲೆ ನನ್ನನ್ನು ಜೇಬಿನಿಂದ ತೆಗೆದು ಹವಾಲ್ದಾರರ ಹಿಂದೆ ಹೋಗಿ ನಿಂತರು. ಬಡಿಯಲಿಲ್ಲ. ಎಲ್ಲಿಗೂ ಬಡಿಯದೆ, ಹಾಗೆಯೇ, ಆ ಎಡಗಿವಿಗೆ ಹಿಡಿದರು. ನನಗೆ ಗಾಬರಿಯಾಯಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕರ್ನಲ್ ಮುಂದಿನಿಂದ ತುಟಿಯಾಡಿಸಿದರು, "ಕೇಳಿಸ್ತಿದೆಯಾ?"

"ಜೀ ಸಾಬ್! ಚೊಲೋ ಕೇಳಸ್ತೈತಿ!"

ಕರ್ನಲ್ ಎದ್ದು ಬಂದು ನನ್ನನ್ನು ಕೈಗೆ ತೆಗೆದುಕೊಂಡರು. ತಮ್ಮ ಕಿವಿಗೇ ಹಿಡಿದು ನೋಡಿದರು. ನಾನು ಉಕ್ಕಿನ ತುಂಡಿನಂತೆ ಸುಮ್ಮನಿದ್ದೆ. ಕೇಳಿಸಿದರೂ ಇಲ್ಲ ಎಂದು ನಟಿಸುವವರನ್ನು ಅವರು ಎಷ್ಟೋ ಜನ ನೋಡಿರಬೇಕು. ಕೇಳಿಸದೆ ಹೌದೆನ್ನುವವರು ಇವರೇ ಮೊದಲು ಎಂದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಅವರು ಹವಾಲ್ದಾರರ ಎದುರು ನೆಟ್ಟಗೆ ನಿಂತು, ತುಟಿ ಕಾಣುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಹವಾಲ್ದಾರ್ ಸಾಬ್, ಇದು ಹುಕುಂ. ಕೇಳಿಸದಿದ್ದರೆ 'ಇಲ್ಲ' ಅನ್ನಬೇಕು."

"ಹೂಂ ಅನ್ರಿ," ಎಂದು ಕಲ್ಲವ್ವ ಗಂಡನ ಮೊಣಕೈ ತಿವಿದಳು. "ಈ ಪರೀಕ್ಷಾದಾಗ ನಾಪಾಸಾದ್ರನ ಪಾಸರಿ."

ಶಮೀಮ್ ನನ್ನನ್ನು ವಾಪಸು ಪಡೆದು, ಮೊಣಕಾಲಿಗೆ ಬಡಿದು, ಅದೇ ಕಿವಿಗೆ ಹಿಡಿದರು. ನಾನು ನನ್ನ ಕೈಲಾದಷ್ಟು ಹಾಡಿದೆ. ಅಡಿವೆಪ್ಪ ಕಣ್ಣು ಮುಚ್ಚಿ ಕಾದರು.

"ಇಲ್ಲ ಸಾಬ್," ಎಂದರು ಕೊನೆಗೆ, ತೀರ ಸಣ್ಣಗೆ. ಕಣ್ಣು ತೆರೆದಾಗ ತುಂಬಿದ್ದವು. "ಇಲ್ಲ. ಏನೂ ಕೇಳಸವಲ್ದು."

ಆ ಮೇಲೆ ಯಂತ್ರದ ಪರೀಕ್ಷೆಯನ್ನೂ ಹೊಸದಾಗಿ ಮಾಡಿದರು. ಈ ಸಲ ಗುಂಡಿ ಹೆಚ್ಚಾಗಿ ಸುಮ್ಮನೇ ಇತ್ತು, ಯಂತ್ರ ಕಾಗದದ ಮೇಲೆ ಎಳೆದ ಗೆರೆ ತೋಪಿನ ಸದ್ದು ತಿಂದ ಕಿವಿಯ ಗೆರೆಯೇ ಆಗಿತ್ತು. ಇಬ್ಬರೂ ಸಹಿ ಹಾಕಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು: ಊನ ಸೇವೆಯಿಂದಲೇ ಆದದ್ದು, ಪಿಂಚಣಿ ಕೊಡತಕ್ಕದ್ದು. ಆ ಕಾಗದವನ್ನು ತೋರಿಸಲು ಗಂಡ ಹೆಂಡತಿ ಕುಂದಾ ಮಿಠಾಯಿಯ ಪೊಟ್ಟಣ ಹಿಡಿದು ಬಂದಿದ್ದರು. "ತೋಪು ಖರೇ ಅಂತ ಬರದಾರರಿ," ಎಂದಷ್ಟೇ ಹೇಳಿ ಅಡಿವೆಪ್ಪ ಮುಖ ತಿರುಗಿಸಿಕೊಂಡರು.

ಈಗ ನನಗೂ ವಯಸ್ಸಾಯಿತು. ಆಸ್ಪತ್ರೆಗೆ ಸದ್ದು ನುಸುಳದ ಗಾಜಿನ ಕೋಣೆ ಬಂದಿದೆ, ನನ್ನ ವಾಸ ಶಮೀಮ್ ಅವರ ಪೆನ್ನಿನ ಡಬ್ಬಿಯಲ್ಲಿ. ಹುಡುಗ ಡಾಕ್ಟರುಗಳು ನನ್ನಿಂದ ಬೆನ್ನು ತುರಿಸಿಕೊಳ್ಳುವುದೂ ಉಂಟು. ಬೇಜಾರಿಲ್ಲ. ಬಡಿದಾಗ ಹಾಡುವುದೇ ನನ್ನ ಕೆಲಸ ಎಂದುಕೊಂಡಿದ್ದೆ, ಬಾಳಿನ ದೊಡ್ಡ ಕೆಲಸ ಸುಮ್ಮನಿದ್ದು ಮಾಡಿದೆ. ಸತ್ಯ ಹೇಳಲು ಯಾವಾಗಲೂ ಬಾಯಿ ಬೇಕಿಲ್ಲ.

ಅಡಿವೆಪ್ಪ ಕಿವಿಯ ಮಷೀನಿನ ಸೆಲ್ ಬದಲಿಸಲು ಬರುತ್ತಿರುತ್ತಾರೆ. ಹೋದ ವಾರ ಬಂದಾಗ ಕಲ್ಲವ್ವ ದೂರು ಹೇಳುತ್ತಿದ್ದಳು: "ಇಲ್ಲ ಅನ್ನೂದು ಕಲಿಸಿ ನೀವು ಇವ್ರನ್ನ ಕೆಡಿಸಿದ್ರಿ ಡಾಕ್ಟ್ರ. ಚಹಾ ಸರಿ ಐತೇನ್ರಿ ಅಂದ್ರ ಇಲ್ಲ ಅಂತಾರ."

ಶಮೀಮ್ ನಗುತ್ತಾ ನನ್ನನ್ನು ಡಬ್ಬಿಯಿಂದ ಎತ್ತಿ, ಅಂದಿನ ಹಾಗೆಯೇ ಅಡಿವೆಪ್ಪನವರ ಹಿಂದೆ ನಿಂತು, ಎಡಗಿವಿಗೆ ಹಿಡಿದರು.

"ಕೇಳಸ್ತೈತೇನ್ರಿ ಹವಾಲ್ದಾರ್ರ?"

ಅಡಿವೆಪ್ಪ ತಲೆ ತಿರುಗಿಸಲಿಲ್ಲ. ಕಿವಿಗೊಟ್ಟು ಸ್ವಲ್ಪ ಹೊತ್ತು ಕೂತರು.

"ಇಲ್ಲರಿ ಸಾಹೇಬ್ರ," ಎಂದರು. "ನೀವಿನ್ನೂ ಬಡದೇ ಇಲ್ಲಲ್ಲ."